ಬ್ರೇಕ್ ಒಣಗಿಸದ ಗಾಡಿ

ಶಹಾಪುರದ ಹೊರಗೆ, ಗುಡ್ಡದ ಬುಡದ ಮೈದಾನದಲ್ಲಿ ನಾನು ಎರಡು ವರ್ಷ ಗಾಡಿ ತೊಳೆದೆ. ಬೈಕಿನಂತೆ ಹ್ಯಾಂಡಲ್ ಹಿಡಿದು ಓಡಿಸುವ, ದಪ್ಪ ಗಾಲಿಗಳ ನಾಲ್ಕು ಚಕ್ರದ ಗಾಡಿಗಳು ಅವು, ಆರು ಇದ್ದವು. ಕೂತ ಕಪ್ಪೆಯ ಹಾಗೆ ಕಾಣುತ್ತಿದ್ದುದರಿಂದ ನಮ್ಮ ಕಡೆಯವರು ಕಪ್ಪೆ ಗಾಡಿ ಎನ್ನುತ್ತಿದ್ದರು. ರಜೆ ಬಂತೆಂದರೆ ಯಾದಗಿರಿ, ಸುರಪುರ, ಕಲಬುರಗಿಯಿಂದ ಜನ ಬಂದು ಟಿಕೆಟ್ ತೆಗೆಸಿ, ಕೆಸರಿನ ಹಾದಿಯಲ್ಲಿ ಎರಡು ಸುತ್ತು ಹೊಡೆದು, ಮೈಯೆಲ್ಲ ರಾಡಿ ಮಾಡಿಕೊಂಡು ನಗುತ್ತ ಇಳಿಯುತ್ತಿದ್ದರು. ಒಬ್ಬರು ಇಳಿದು ಇನ್ನೊಬ್ಬರು ಹತ್ತುವ ನಡುವಿನ ಹೊತ್ತು ನಮ್ಮದಾಗಿತ್ತು.

ನಾವು ಎಂದರೆ ನಾನು ಮತ್ತು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾನು ಮದುವೆಯಾಗಿ ಬಂದ ದಿನದಿಂದ ಅವಳನ್ನು ಅಕ್ಕ ಎಂದೇ ಕರೆದವಳು. ಈ ಕೆಲಸಕ್ಕೆ ಮೊದಲು ಇಬ್ಬರೂ ದೋರನಹಳ್ಳಿ ಕಡೆ ಹತ್ತಿ ಬಿಡಿಸಲು ಹೋಗುತ್ತಿದ್ದೆವು. ಮೈದಾನದ ಕೆಲಸದ ಸುದ್ದಿ ತಂದವಳು ಅವಳೇ. "ಅಲ್ಲಿ ನೆರಳದ, ಕೈಯಾಗ ನೀರದ. ಬಿಸಲಾಗ ಬಗ್ಗಿ ಸಾಯೋದು ತಪ್ಪತದ, ನಡಿ," ಎಂದಳು. ನಾನು ಪಿಯುಸಿ ಓದಿದವಳು, ಅವಳು ಶಾಲೆಗೆ ಹೋದವಳೇ ಅಲ್ಲ. ಆದರೂ ನಮ್ಮಿಬ್ಬರ ಬದುಕಿನ ತೀರ್ಮಾನಗಳನ್ನೆಲ್ಲ ಅವಳೇ ಮಾಡುತ್ತಿದ್ದಳು, ನನಗೂ ಅದೇ ಹಿತವಾಗಿತ್ತು.

ತೊಳೆಯುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಆ ಹಾದಿಯ ಅರ್ಧ ಭಾಗ ಎರೆ ಮಣ್ಣು. ಹಸಿಯಾಗಿದ್ದಾಗ ಪಾಕದಂತೆ ಅಂಟುತ್ತದೆ, ಒಣಗಿದರೆ ಕಲ್ಲು. ಮೊದಲು ಕಟ್ಟಿಗೆಯ ಚಕ್ಕೆಯಿಂದ ಗಾಲಿಯ ಮೇಲಿನ ಮರೆಯಲ್ಲಿ ಕೂತ ಮುದ್ದೆಗಳನ್ನು ಕೆದರಿ ಬೀಳಿಸಬೇಕು. ಆಮೇಲೆ ಹೊಗೆ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ನೀರಿನ ಗನ್ ಹಿಡಿಯಬೇಕು. ಗನ್ ಹಿಡಿಯುವುದು ಅಕ್ಕನ ಕೆಲಸ. ಅವಳ ತೋಳಿಗೆ ಬಲವಿತ್ತು. ಗಾಲಿಯ ಹಲ್ಲುಗಳಿಗೆ ಬ್ರಷ್ ಹಾಕುವುದು, ಸೋಪಿನ ನೊರೆ ಒರೆಸುವುದು, ಚೈನಿಗೆ ಎಣ್ಣೆ ಬಿಡುವುದು, ಸೀಟು ಒಣಗಿಸುವುದು ನನ್ನದು.

ಕೊನೆಗೆ ಇನ್ನೊಂದು ಕೆಲಸವಿತ್ತು. ಹೈದರಾಬಾದಿನಿಂದ ಬಂದಿದ್ದ ಮಿಸ್ತ್ರಿ ಮೊದಲ ವಾರವೇ ಅದನ್ನು ನಮಗೆ ಕಲಿಸಿದ್ದ. ಹಿಂದಿನ ಗಾಲಿಯ ಬ್ರೇಕಿನ ಡಬ್ಬಿಯೊಳಗೆ ನೀರು ಹೋದರೆ ಬ್ರೇಕ್ ಹಿಡಿಯುವುದಿಲ್ಲ, ಜಾರುತ್ತದೆ. "ತೊಳೆದ ಮ್ಯಾಲ ದೋ ಚಕ್ಕರ್ ಹೊಡೀರಿ ಅಮ್ಮಾ. ಬ್ರೇಕ್ ಸ್ವಲ್ಪ ಒತ್ತಿ ಹಿಡೀರಿ. ಗರಮ್ ಆಗಿ ಒಣಗ್ತದ. ಒಣಗದ ಗಾಡಿ ಯಾರಿಗೂ ಕೊಡಬ್ಯಾಡ್ರಿ," ಎಂದಿದ್ದ. ಅಕ್ಕ ಗಾಡಿ ಹತ್ತಲು ಒಪ್ಪಲಿಲ್ಲ, ನಾನು ಕಲಿತೆ. ಶೆಡ್ಡಿನ ಸುತ್ತ ನಿಧಾನವಾಗಿ ಎರಡು ಸುತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ತಿರುಗುವಾಗ ಅಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ದಿನದ ಕೆಲಸದಲ್ಲಿ ನಾನು ಕಾಯುತ್ತಿದ್ದುದು ಆ ಎರಡು ಸುತ್ತಿಗೇ.

ಶ್ರಾವಣದ ಒಂದು ಭಾನುವಾರ. ಹಿಂದಿನ ದಿನವಿಡೀ ಮಳೆ ಸುರಿದು ಹಾದಿಯೆಲ್ಲ ರಾಡಿಯಾಗಿತ್ತು. ಜನ ಬೇಲಿಯುದ್ದಕ್ಕೂ ನಿಂತಿದ್ದರು. ಎರಡು ಗಾಡಿ ಕೆಟ್ಟು ನಿಂತಿದ್ದವು. ಮೈದಾನದ ಮಾಲಕ ಮೇಲಿಂದ ಮೇಲೆ ಶೆಡ್ಡಿಗೆ ಬಂದು ಅವಸರ ಮಾಡುತ್ತಿದ್ದ. "ಲಗೂನ ಕೊಡ್ರಿ ಬೇ, ಮಂದಿ ಕಾಯಾಕತ್ಯಾರ." ಒಣಗಿಸಬೇಡಿ ಎಂದು ಅವನು ಹೇಳಲಿಲ್ಲ. ಅದನ್ನು ನಾನು ಇವತ್ತಿಗೂ ಅವನ ಮೇಲೆ ಹಾಕಲಾರೆ. ಆ ದಿನ ಒಂದು ಗಾಡಿಯನ್ನು ತೊಳೆದ ಮೇಲೆ ಸೀಟು ಒರೆಸಿ, ಸುತ್ತು ಹೊಡೆಯದೆ, ಹಾಗೆಯೇ ತಳ್ಳಿಕೊಂಡು ಹೋಗಿ ಕೊಟ್ಟವಳು ನಾನೇ. ನನ್ನ ಸೊಂಟ ನೋಯುತ್ತಿತ್ತು. ಒಂದು ಸಲ ಬಿಟ್ಟರೆ ಏನಾದೀತು ಅನ್ನಿಸಿತು.

ಹತ್ತಲು ನಿಂತಿದ್ದವಳು ನನ್ನ ವಯಸ್ಸಿನ ಒಬ್ಬ ಟೀಚರು. ಸುರಪುರದವಳು, ಜೊತೆಗೆ ಕೆಲಸ ಮಾಡುವ ಹೆಣ್ಣುಮಕ್ಕಳೊಂದಿಗೆ ಬಂದಿದ್ದಳು. ಅವರು ಹಿಂದಿನಿಂದ ಹುರಿದುಂಬಿಸುತ್ತಿದ್ದರು, ಇವಳಿಗೆ ಅಂಜಿಕೆ. ಕಾಲೆತ್ತಿ ಹಾಕುವ ಮೊದಲು ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಕೇಳಿದಳು:

"ಅಕ್ಕಾರ, ಹಿಡದ್ರ ನಿಲ್ತದಿಲ್ರಿ ಇದು?"

"ನಿಲ್ತದ್ರಿ. ಅಂಜಬ್ಯಾಡ್ರಿ, ಬ್ರೇಕ್ ಗಟ್ಟಿ ಹಿಡೀರಿ," ಎಂದೆ.

ಹಾದಿಯ ಕೊನೆಗೆ ಒಂದು ಇಳಿಜಾರು, ಅದರ ಕೆಳಗೆ ತಿರುವು, ತಿರುವಿನ ಆಚೆ ಕಲ್ಲು ತುಂಬಿದ ತಗ್ಗು. ನಾನು ಮುಂದಿನ ಗಾಡಿಯ ಕೆಸರು ಕೆದರುತ್ತಿದ್ದೆ. ಮೊದಲು ಕೇಳಿದ್ದು ಅವಳ ಗೆಳತಿಯರ ನಗು. ನಗು ನಿಂತದ್ದೂ ಕೇಳಿಸಿತು. ಓಡಿ ಹೋದಾಗ ಗಾಡಿ ತಗ್ಗಿನಲ್ಲಿ ಮಗುಚಿ ಬಿದ್ದಿತ್ತು, ಅವಳು ಕಲ್ಲುಗಳ ಮೇಲೆ ಅಂಗಾತ ಬಿದ್ದಿದ್ದಳು. ಕಣ್ಣು ತೆರೆದೇ ಇದ್ದವು. "ಕಾಲು ಎಲ್ಲಿ ಅವ ನನ್ನವು?" ಎಂದು ಕೇಳುತ್ತಿದ್ದಳು. ಕಾಲುಗಳು ಅಲ್ಲೇ ಇದ್ದವು.

ಅವಳನ್ನು ಜೀಪಿನಲ್ಲಿ ಹಾಕಿಕೊಂಡು ಕಲಬುರಗಿಗೆ ಹೋದರು. ಜನ ಚದುರಿದರು. ನಾಲ್ವರು ಸೇರಿ ಗಾಡಿಯನ್ನು ಎತ್ತಿ ಶೆಡ್ಡಿಗೆ ತಂದು ನಿಲ್ಲಿಸಿದರು. ಮಾಲಕ ನಮ್ಮ ಮುಖ ನೋಡದೆ, "ಇದನ್ನ ಈಗ ತೊಳದಿಡ್ರಿ," ಎಂದ.

ತೊಳೆದೆವು. ಪೆಟ್ರೋಲ್ ಟ್ಯಾಂಕಿನ ಮೇಲೆ ಕೆಸರಿನಲ್ಲಿ ಅವಳ ಅಂಗೈ ಪೂರ್ತಿ ಮೂಡಿತ್ತು, ಐದೂ ಬೆರಳು ಅಗಲಿಸಿ. ನಾನು ಬಟ್ಟೆ ಹಿಡಿದು ಸುಮ್ಮನೆ ನಿಂತೆ. ಅಕ್ಕ ಗನ್ ತಿರುಗಿಸಿದಳು. ಒಂದು ಕ್ಷಣದಲ್ಲಿ ಅದು ಹೋಯಿತು.

"ಅಕ್ಕ, ನಾ ಬ್ರೇಕ್ ಒಣಗಿಸಿರಲಿಲ್ಲ," ಎಂದೆ.

ಅವಳು ಗನ್ ಬಂದ್ ಮಾಡಿದಳು. "ನನ್ನ ಮುಂದ ಹೇಳಿದಿ, ಇಲ್ಲಿಗೆ ಮುಗೀತು. ಇನ್ನೊಬ್ಬರ ಮುಂದ ಬಾಯಿ ತೆಗೀಬ್ಯಾಡ. ಈ ಪಗಾರದ ಮ್ಯಾಲ ನನ್ನ ಮಗಳು ಯಾದಗಿರಿಯಾಗ ನರ್ಸಿಂಗ್ ಓದಾಕತ್ಯಾಳ, ನಿನಗ ಗೊತ್ತದ," ಎಂದಳು.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಪೊಲೀಸರು ಬಂದು ತಗ್ಗು ನೋಡಿ ಹೋದರು. ಟೀಚರು ಅಂಜಿ ಬ್ರೇಕ್ ಬಿಟ್ಟು ರೇಸ್ ತಿರುವಿದಳಂತೆ ಎಂಬ ಮಾತು ಎಲ್ಲರ ಬಾಯಲ್ಲೂ ಬಂತು. ಗೆಳತಿಯರೂ ಹಾಗೇ ಹೇಳಿದರಂತೆ. ಹದಿನೈದು ದಿನ ಮುಚ್ಚಿದ್ದ ಮೈದಾನ ಮತ್ತೆ ತೆರೆಯಿತು. ತಗ್ಗಿಗೆ ಮಣ್ಣು ತುಂಬಿಸಿದ್ದರು. ನಾನು ಈಗ ಪ್ರತಿ ಗಾಡಿಗೂ ಎರಡರ ಬದಲು ನಾಲ್ಕು ಸುತ್ತು ಹೊಡೆಯುತ್ತಿದ್ದೆ. ಅಕ್ಕ ನೋಡುತ್ತಿದ್ದಳು, ನಗುತ್ತಿರಲಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು, "ಅಕ್ಕ ಹೇಳಿದಂಗ ಮಾಡು," ಎಂದ.

ದೀಪಾವಳಿ ಕಳೆದ ಮೇಲೆ ಒಂದು ದಿನ ಯಾರಿಗೂ ಹೇಳದೆ ಸುರಪುರದ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾಲು ಹೋದ ಟೀಚರ ಮನೆ ಎಂದರೆ ಬಸ್ ಸ್ಟ್ಯಾಂಡಿನ ಹಣ್ಣಿನವಳಿಗೂ ಗೊತ್ತಿತ್ತು. ಅವಳ ತಾಯಿ ಬಾಗಿಲಿಗೆ ಬಂದರು. ಗಾಡಿ ತೊಳೆಯುವವಳು, ನೋಡಿ ಹೋಗಲು ಬಂದೆ ಎಂದೆ. ಆ ಮುದುಕಿಯ ಕಣ್ಣು ತುಂಬಿದವು. "ಅಲ್ಲಿಂದ ಯಾರೂ ಬಂದಿದ್ದಿಲ್ಲವ್ವ. ನೀ ಒಬ್ಬಾಕಿ ಬಂದಿ," ಎಂದು ಕೈ ಹಿಡಿದು ಒಳಗೆ ಕರೆದು, ಬೇಡವೆಂದರೂ ಚಹಾ ಇಟ್ಟರು.

ಟೀಚರು ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದಳು. ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ ಎಂದು ತಾಯಿ ಆಗಲೇ ಹೇಳಿದ್ದರು. ನನ್ನ ಗುರುತು ಅವಳಿಗೆ ಕೂಡಲೇ ಸಿಕ್ಕಿತು. ತಾಯಿ ಒಳಗೆ ಹೋದ ಮೇಲೆ ಅವಳೇ ಮಾತು ತೆಗೆದಳು.

"ಎಲ್ಲರೂ ನಾನೇ ಬ್ರೇಕ್ ಬಿಟ್ಟೆ ಅಂತಾರ್ರಿ. ಕೈ ನೋಯುವಂಗ ಹಿಡದದ್ದು ನನಗ ನೆನಪದ. ಆದರ ಇಷ್ಟು ಮಂದಿ ಹೇಳಿದ್ರ ನನಗೂ ಹಂಗೇ ಅನಸಾಕತ್ತದ. ದಿನಾ ಅದನ್ನೇ ಕುಂತು ನೆನಸ್ತೀನಿ. ಹಿಡದಿದ್ನೋ, ಬಿಟ್ಟಿದ್ನೋ."

"ಹಿಡದಿದ್ರಿ," ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ನೀರು, ಬ್ರೇಕಿನ ಡಬ್ಬಿ, ಮಿಸ್ತ್ರಿ ಹೇಳಿದ್ದು, ನಾನು ಹೊಡೆಯದೆ ಬಿಟ್ಟ ಎರಡು ಸುತ್ತು. ಅಕ್ಕನ ಮಾತು ಎತ್ತಲಿಲ್ಲ.

ಅವಳು ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ನಮ್ಮಣ್ಣ ಊಟಕ್ಕ ಬರ್ತಾನ. ಅವನ ಮುಂದ ಇನ್ನೊಮ್ಮೆ ಹೇಳ್ರಿ," ಎಂದಳು.

ಅಣ್ಣ ಬಂದ. ತಾಲೂಕು ಕಚೇರಿಯಲ್ಲಿ ಗುಮಾಸ್ತ. ನಾನು ಮತ್ತೆ ಮೊದಲಿನಿಂದ ಹೇಳಿದೆ. ಅವನು ನಿಂತೇ ಕೇಳಿಸಿಕೊಂಡ. ಮುಖ ಕೆಂಪೇರಿತು.

"ಈಗ ಬಂದು ಹೇಳ್ತೀಯಲ್ಲ? ತಪ್ಪು ನಮ್ಮ ತಂಗೀದು ಅಂತ ಪೊಲೀಸರ ಕಾಗದಕ್ಕ ಸಹಿ ಮಾಡಿ ಕೊಟ್ಟೀವಿ. ಆಕಿ ಸಹಿ ಅದ, ನಂದೂ ಅದ. ಆವಾಗ ಎಲ್ಲಿ ಹೋಗಿದ್ದಿ?"

"ಅಂಜಿದ್ದೆರಿ."

"ಈಗ ಅಂಜಿಕಿ ಹೋತೇನು? ನಿನ್ನ ಮನಸಿನ ಭಾರ ಇಳಸಾಕ ಬಂದಿ. ನಮ್ಮದು ಯಾರು ಇಳಸ್ತಾರ?"

ನಾನು ಎದ್ದು ನಿಂತೆ. ತಾಯಿ ಒಳಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಬಟ್ಟಲನ್ನು ನನ್ನ ಕೈಗೆ ಕೊಡಲಿಲ್ಲ, ಒಳಗೂ ಒಯ್ಯಲಿಲ್ಲ.

ಹೊಸ್ತಿಲು ದಾಟುವಾಗ ಟೀಚರು ಕರೆದಳು. "ನಾ ನಿಮ್ಮನ್ನ ಕೇಳಿದ್ದೆ, ಅಲ್ರಿ? ಹಿಡದ್ರ ನಿಲ್ತದಿಲ್ಲೋ ಅಂತ."

"ಕೇಳಿದ್ರಿ," ಎಂದೆ.

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಅಣ್ಣ ಆ ದಿನವೇ ಮಾಲಕನಿಗೆ ಫೋನು ಮಾಡಿದನಂತೆ. ಮರುದಿನ ನಾವು ಮೈದಾನಕ್ಕೆ ಹೋದಾಗ ಗೇಟಿನ ಹತ್ತಿರವೇ ನಮ್ಮನ್ನು ನಿಲ್ಲಿಸಿದರು. ಶೆಡ್ಡಿನಲ್ಲಿ ಆಗಲೇ ಬೇರೆ ಇಬ್ಬರು ಹೆಂಗಸರು ಗನ್ ಹಿಡಿದಿದ್ದರು. ಒಣಗಿಸುವುದನ್ನು ಅವರಿಗೆ ಹೇಳಿಕೊಟ್ಟಿದ್ದಾರೋ ಇಲ್ಲವೋ ಎಂದು ಕೇಳಿದೆ. ಗೇಟಿನವನು ಗೇಟು ಹಾಕಿಕೊಂಡ.

ಅಕ್ಕನಿಗೆ ಅಲ್ಲಿಯವರೆಗೆ ಏನೂ ಗೊತ್ತಿರಲಿಲ್ಲ. ಆಟೋದಲ್ಲಿ ಬರುವಾಗ ಕೇಳಿದಳು. "ಸುರಪುರಕ್ಕ ಹೋಗಿದ್ದ್ಯಾ?"

"ಹೋಗಿದ್ದೆ."

"ನನ್ನ ಒಂದು ಮಾತು ಕೇಳಬೇಕು ಅನಿಸಲಿಲ್ಲ?"

"ನಿನ್ನ ಹೆಸರು ಹೇಳಿಲ್ಲಕ್ಕ. ನಾನೊಬ್ಬಾಕೀನ ಮಾಡೀನಿ ಅಂದೀನಿ."

"ಇದ್ದಾಕೇರು ಇಬ್ಬರು. ಹೆಸರು ಯಾಕ ಹೇಳಬೇಕು?" ಎಂದಳು. ಆಮೇಲೆ ರಸ್ತೆ ನೋಡುತ್ತ ಕುಳಿತಳು. ಅವಳು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಅವಳು ಬೇರೆ ಗುಂಪಿನ ಜೊತೆ ಮತ್ತೆ ಹತ್ತಿ ಬಿಡಿಸಲು ಹೋದಳು. ನನ್ನನ್ನು ಯಾವ ಗುಂಪೂ ಕರೆಯಲಿಲ್ಲ. ಫೀಸು ಕಟ್ಟಲಾಗದೆ ಅಕ್ಕನ ಮಗಳು ನರ್ಸಿಂಗ್ ಬಿಟ್ಟು ಮನೆಗೆ ಬಂದಳು. ಕಾರಣ ನಾನೇ ಎಂದು ಅಕ್ಕ ಊರಲ್ಲಿ ಎಲ್ಲೂ ಹೇಳಿಕೊಳ್ಳಲಿಲ್ಲ. ಹೇಳಿಕೊಂಡಿದ್ದರೆ ನಾನು ಹೋಗಿ ಕಾಲು ಹಿಡಿಯಬಹುದಿತ್ತು, ಜಗಳವನ್ನಾದರೂ ಆಡಬಹುದಿತ್ತು. ಹಬ್ಬದ ದಿನ ಹೋಳಿಗೆಯ ತಾಟು ಒಯ್ದೆ. ಮಗಳು ಇಸಿದುಕೊಂಡಳು. ಸಂಜೆ ಅದೇ ತಾಟು, ಮುಟ್ಟದ ಹೋಳಿಗೆಯೊಂದಿಗೆ, ನಮ್ಮ ಕಟ್ಟೆಯ ಮೇಲಿತ್ತು.

ಟೀಚರಿಗೆ ನಿಜ ಹೇಳಿದ್ದರಿಂದ ಅವಳಿಗೆ ಏನಾದರೂ ಹಗುರವಾಯಿತೋ, ಇನ್ನಷ್ಟು ಕಷ್ಟವಾಯಿತೋ ನನಗೆ ತಿಳಿಯದು. ಸುರಪುರದ ಬಸ್ಸು ನಮ್ಮೂರ ಮೇಲೇ ಹೋಗುತ್ತದೆ. ನಾನು ಮತ್ತೆ ಹತ್ತಲಿಲ್ಲ.

ಅಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದು ಸಣ್ಣ ಬಾಗಿಲಿತ್ತು. ನಮ್ಮ ಮಾವ ಬದುಕಿದ್ದಾಗ ಇಡಿಸಿದ್ದು. ಮೊನ್ನೆ ಅಕ್ಕ ಅದನ್ನು ಮುಚ್ಚಿಸಲು ಗೌಂಡಿಯನ್ನು ಕರೆಸಿದಳು. ಅವರ ನಳದಲ್ಲಿ ಆ ಹೊತ್ತಿಗೆ ನೀರು ಬರುತ್ತಿರಲಿಲ್ಲವಂತೆ. ಅರ್ಧ ಕಟ್ಟಿದ ಗೋಡೆಯ ಮೇಲಿಂದ ಗೌಂಡಿ ಇಣುಕಿ, "ಸಿಮೆಂಟ್ ಕಲಸಾಕ ಎರಡು ಕೊಡ ನೀರು ಕೊಡ್ತೀರೇನ್ರಿ?" ಎಂದು ಕೇಳಿದ.

ತುಂಬಿ ಕೊಟ್ಟೆ. ಆಚೆ ಕಡೆ ಅಕ್ಕ ಇಟ್ಟಿಗೆ ಎತ್ತಿ ಕೊಡುತ್ತಿದ್ದಳು. ಅವಳ ಕೈಗಳಷ್ಟೇ ಕಾಣುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅವೂ ಕಾಣಲಿಲ್ಲ.