ಐದು ತಲೆಯ ಟ್ಯಾಂಕಿನಲ್ಲಿ ಇಬ್ಬರು ಅತ್ತೆಯರು

ನನ್ನ ಅತ್ತಿಗೆಯ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಅಮ್ಮ ಹೆಮ್ಮೆಯಿಂದ, "ಟ್ಯಾಂಕ್ ಮಾಡ್ತಾಳೆ" ಅನ್ನುತ್ತಾಳೆ. ಕೇಳಿದವರು, "ಪ್ಲಾಸ್ಟಿಕ್ಕಿಂದೋ ಸಿಮೆಂಟಿಂದೋ?" ಅಂತ ವಿಚಾರಿಸುತ್ತಾರೆ. ಅಮ್ಮ ತಿದ್ದುವ ಗೋಜಿಗೇ ಹೋಗುವುದಿಲ್ಲ.

ಅತ್ತಿಗೆ ಮಾಡುವುದು ಯುದ್ಧದ ಟ್ಯಾಂಕು, ಅದೂ ವಿಡಿಯೋ ಗೇಮಿಗೆ! ಮದುವೆಗೆ ಮುಂಚೆ ವಾಷಿಂಗ್ ಮೆಷಿನ್ ಕಂಪನಿಯಲ್ಲಿ ಬಿಡಿಭಾಗಗಳ ಡ್ರಾಯಿಂಗ್ ಮಾಡುತ್ತಿದ್ದಳು. "ತಿರುಗೋದು ಯಾವ್ದಾದ್ರೂ ಸರಿ, ನಂಗಿಷ್ಟ" ಅನ್ನುವವಳು. ಈಗ ಟೈರ್ ಅಂಗಡಿಯ ಮೇಲಿನ ಗೇಮ್ ಸ್ಟುಡಿಯೋದಲ್ಲಿ, ಕೈ ಮುರಿದ ಕುರ್ಚಿಗೆ ಟವೆಲ್ ಸುತ್ತಿಕೊಂಡು, ರಬ್ಬರ್ ವಾಸನೆಯ ನಡುವೆ ಕೂರುತ್ತಾಳೆ. ರಜೆಯಲ್ಲಿ ನನ್ನನ್ನೂ ಆಡಿ ನೋಡುವ ಕೆಲಸಕ್ಕೆ ಕರೆದುಕೊಂಡು ಹೋದಳು. ಆಟ ಆಡುವುದೇ ಕೆಲಸ! ನನ್ನ ಕಾಲು ನೆಲದ ಮೇಲೇ ಇರಲಿಲ್ಲ.

ಎರಡು ಮಹಾಯುದ್ಧಗಳ ನಡುವೆ ಕೆಲವು ದೇಶಗಳು ಒಂದಕ್ಕಿಂತ ಹೆಚ್ಚು ಟರೆಟ್ ಇರುವ ಟ್ಯಾಂಕುಗಳನ್ನು ಕಟ್ಟಿದ್ದವು. ಟರೆಟ್ ಅಂದರೆ ಬಂದೂಕು ಹೊತ್ತು ತಿರುಗುವ ತಲೆ. ಅಂಥದ್ದು ಗೇಮಿಗೆ ಬೇಕು ಅಂತ ಆಟಗಾರರು ಕೇಳುತ್ತಲೇ ಇದ್ದರು. ಅತ್ತಿಗೆ ಹಟ ಹಿಡಿದು ಐದು ತಲೆಯದೊಂದನ್ನು ಕಟ್ಟಿದಳು. ಸ್ಟುಡಿಯೋ ಯಜಮಾನರಿಗೆ ನಂಬಿಕೆಯಿಲ್ಲ.

"ಶುಕ್ರವಾರ ನಾನೇ ಆಡಿ ನೋಡ್ತೀನಿ" ಅಂದರು. "ಐದೂ ಸರಿಯಾಗಿ ಕೆಲ್ಸ ಮಾಡಿದ್ರೆ ಹಾಕೋಣ. ಇಲ್ದಿದ್ರೆ ದೊಡ್ಡದೊಂದೇ ತಿರುಗ್ಲಿ, ಮಿಕ್ಕಿದ್ದಕ್ಕೆ ಬೆಸುಗೆ ಹಾಕ್ಬಿಡಿ."

"ಬೆಸುಗೆ ಹಾಕಿದ್ರೆ ಅದು ಟ್ಯಾಂಕಲ್ಲ ಸಾರ್, ಮೇಲೆ ಡಬ್ಬಿ ಜೋಡಿಸಿದ ಬೀರು" ಅಂದಳು ಅತ್ತಿಗೆ. ಮುಖ ಕೆಂಪಗಾಗಿತ್ತು.

ಕಷ್ಟ ಏನೆಂದರೆ, ಆಡುವವನಿಗೆ ಇರುವುದು ಒಂದೇ ಮೌಸ್. ಹಾಗಾಗಿ ನಡುವಿನ ದೊಡ್ಡ ತಲೆ ಮಾತ್ರ ಅವನ ಮಾತು ಕೇಳಬೇಕು. ಮುಂದಿನ ಎರಡು, ಹಿಂದಿನ ಎರಡು ತಮ್ಮ ತಮ್ಮ ದಿಕ್ಕನ್ನು ತಾವೇ ಕಾಯಬೇಕು. ತುಂಬಿದ ಮನೆಯ ಹಾಗೆ ಅಂತ ಅತ್ತಿಗೆ ಅವಕ್ಕೆ ಸಂಬಂಧದ ಹೆಸರಿಟ್ಟಳು. ನಡುವೆ ಅಜ್ಜಿ. ಮುಂದೆ ಅತ್ತೆ ಮತ್ತು ಭಾವ. ಹಿಂದೆ ಚಿಕ್ಕಮ್ಮ ಮತ್ತು ಸೋದರತ್ತೆ. ಆಕಾರ ಅತ್ತಿಗೆಯದು, ಅವಕ್ಕೆ ಬುದ್ಧಿ ತುಂಬುವ ಪ್ರೋಗ್ರಾಂ ಪಕ್ಕದ ಮೇಜಿನ ಹುಡುಗನದು. ಅವನನ್ನು ಎಲ್ಲರೂ ಮೀಸೆ ಅನ್ನುತ್ತಿದ್ದರು, ಮೀಸೆ ಇನ್ನೂ ಸರಿಯಾಗಿ ಬಂದಿರದಿದ್ದರೂ.

ಗುರುವಾರ ನಾನು ಟ್ಯಾಂಕನ್ನು ಯುದ್ಧಕ್ಕಿಳಿಸಿದೆ. ಹಿಂದೆ ಬಲಗಡೆಯಿಂದ ಶತ್ರು ಬಂದ. ಆ ಕಡೆ ಕಾಯಬೇಕಾದ ಸೋದರತ್ತೆ ಅಲ್ಲಾಡಲೇ ಇಲ್ಲ. ಮುಂದಿದ್ದ ಅತ್ತೆ ಗಿರ್ರನೆ ಹಿಂದಕ್ಕೆ ತಿರುಗಿ ಢಂ ಅನ್ನಿಸಿದರು!

"ಅತ್ತಿಗೇ, ಅತ್ತೆ ಅಜ್ಜಿಗೇ ಗುಂಡು ಹೊಡೆದ್ರು!"

ಅತ್ತಿಗೆ ಪ್ರತಿ ಕೀಲನ್ನೂ ಬಿಚ್ಚಿ ನೋಡಿದಳು. ತಪ್ಪು ಸಿಗಲಿಲ್ಲ. ಮತ್ತೆ ಆಡಿದೆವು, ಮತ್ತೆ ಅಜ್ಜಿ ಢಮಾರ್. ಊಟದ ಡಬ್ಬಿ ಮುಚ್ಚಿದ ಹಾಗೇ ಇತ್ತು. ಕೊನೆಗೆ ಅತ್ತಿಗೆ, "ಬೆಸುಗೆನೇ ಗತಿ ಅನ್ಸತ್ತೆ ಪುಟ್ಟಿ" ಅಂದಾಗ ನನಗೆ ಅಳುವೇ ಬಂತು.

"ನನ್ ಕಡೆ ಎಲ್ಲಾ ಸರಿಯಿದೆ ಅಕ್ಕ" ಅಂದ ಮೀಸೆ. "ಹಿಂದೆ ನೋಡ್ಕೊಳ್ಳಿ ಅಂತ ಅತ್ತೆಗೆ ಹೇಳಿದೀನಲ್ಲ."

"ಅತ್ತೆ ಇರೋದು ಮುಂದೆ ಕಣೋ!"

"ಹಿಂದೆ ಅಲ್ವಾ? ಅಪ್ಪನ ತಂಗಿ?"

"ಅವರು ಸೋದರತ್ತೆ. ಅತ್ತೆ ಅಂದ್ರೆ ಗಂಡನ ಅಮ್ಮ!"

"ನಂಗೆಲ್ಲಿಂದ ಬರ್ಬೇಕು ಗಂಡನ ಅಮ್ಮ? ನಮ್ಮನೇಲಿ ಅಪ್ಪನ ತಂಗೀನೇ ಅತ್ತೆ. ಉದ್ದ ಯಾಕೆ ಅಂತ ಸೋದರ ತೆಗೆದು ಬರೆದೆ."

ಅತ್ತಿಗೆ ನಕ್ಕಳು ನೋಡಿ, ಟೇಬಲ್ಲಿಗೆ ಹಣೆ ಚಚ್ಚಿಕೊಂಡು ನಕ್ಕಳು. ಹಿಂದಿನವಳಿಗೆ ಕೊಟ್ಟ ಅಪ್ಪಣೆ ಮುಂದಿನವರ ಕಿವಿಗೆ ಬಿದ್ದಿತ್ತು. ಅವರು ನಿಯತ್ತಾಗಿ ಹಿಂದೆ ತಿರುಗಿದರೆ ಎದುರಿಗೆ ಅಜ್ಜಿ! ಸಂಬಂಧಗಳನ್ನೆಲ್ಲ ಕಡಿದುಹಾಕಿ, ಮುಂದೆ ಎಡ, ಹಿಂದೆ ಬಲ ಅಂತ ಒಣ ಹೆಸರಿಟ್ಟರು.

ಶುಕ್ರವಾರ ಯಜಮಾನರು ಕೂತರು. ಹಿಂದಿನ ಬೀದಿಯಿಂದ ನುಗ್ಗಿದ ಶತ್ರುವನ್ನು ಅವರು ನೋಡುವ ಮೊದಲೇ ಹಿಂದಿನ ತಲೆ ಉರುಳಿಸಿತ್ತು.

"ಯಾರ್ರೀ ಹೊಡೆದಿದ್ದು?"

"ನೀವೇ ಸಾರ್" ಅಂದಳು ಅತ್ತಿಗೆ.

ಆದರೆ ಗುಡ್ಡ ಹತ್ತುವಾಗ ಟ್ಯಾಂಕು ಏದುಸಿರು ಬಿಡುತ್ತಾ ತೆವಳಿತು. ಒಂದು ಸಣ್ಣ ಟ್ಯಾಂಕು ಪಕ್ಕಕ್ಕೆ ಬಂದು ಒಂದೇ ಏಟಿಗೆ ಸುಟ್ಟುಹಾಕಿತು.

"ಸತ್ತೇ ಹೋಯ್ತಲ್ಲ!"

"ತಲೆ ಐದು, ಚರ್ಮ ತೆಳು ಸಾರ್. ಆ ಕಾಲದಲ್ಲೂ ಇದರ ಹಣೇಬರ ಇಷ್ಟೇ. ಅದನ್ನ ಮಾತ್ರ ನಾನು ತಿದ್ದಲ್ಲ."

ಯಜಮಾನರು ಸ್ವಲ್ಪ ಹೊತ್ತು ಪರದೆಯ ಮೇಲಿನ ಹೊಗೆ ನೋಡಿದರು. "ಬೆಸುಗೆ ಬೇಡ, ಹಿಂಗೇ ಹಾಕಿ" ಅಂದು ಮತ್ತೆ ಆಟ ಶುರು ಮಾಡಿದರು. ಮತ್ತೆ ಸತ್ತರು. "ಇದೊಂದ್ಸಲ ಇರಿ" ಅಂದರು. ಅತ್ತಿಗೆ ಹಿಂದೆ ನಿಂತು ಕಾದಳು, ಗಂಟಲು ಸರಿಮಾಡಿಕೊಂಡಳು. ಸಂಜೆ ಸ್ಟುಡಿಯೋ ಬಾಗಿಲು ಹಾಕುವವರೆಗೂ, ತಾನು ಕಟ್ಟಿದ ಟ್ಯಾಂಕನ್ನು ತಾನೊಮ್ಮೆ ಓಡಿಸಲು ಅವಳಿಗೆ ಕುರ್ಚಿ ಸಿಗಲೇ ಇಲ್ಲ.