ಬಜೆ ಹೂಬಿಟ್ಟ ವರ್ಷ

ಜೌಗುಗಿಡಗಳ ಆ ನರ್ಸರಿಯಲ್ಲಿ ಎಲ್ಲರಿಗೂ ಅವಳು ಅತ್ತಿಗೆ. ನರ್ಸರಿ ನಾದಿನಿಯದು, ಒಡತಿ ಹಾಗೆ ಕರೆದದ್ದೇ ಲಾರಿ ಡ್ರೈವರನ ತನಕ ಎಲ್ಲರ ಬಾಯಿಗೂ ಅಂಟಿಕೊಂಡಿತು. ಇಪ್ಪತ್ತೆರಡು ವರ್ಷ ಕೆಸರಲ್ಲಿ ನಿಂತು ಅವಳ ಕಾಲಿನ ಉಗುರುಗಳು ಕಪ್ಪಾಗಿದ್ದವು, ನಾಲಿಗೆ ಮಾತ್ರ ಹರಿತವಾಗಿಯೇ ಇತ್ತು. ಅತ್ತಿಗೆ ನಾದಿನಿಯರದು ಎತ್ತು ಏರಿಗೆ, ಕೋಣ ನೀರಿಗೆ. ಆದರೂ ಒಬ್ಬಳು ಬರದ ದಿನ ಇನ್ನೊಬ್ಬಳಿಗೆ ಚಹಾ ಸೇರುತ್ತಿರಲಿಲ್ಲ.

ಅತ್ತಿಗೆಯ ಹಮ್ಮೆಲ್ಲ ಮೂಗಿನದು. ಬಜೆಗೂ, ಹೂವಿನ ಅಂದಕ್ಕೆ ಬೆಳೆಸುವ ಐರಿಸ್‌ಗೂ ಎಲೆ ಒಂದೇ ಥರ, ಕತ್ತಿಯಂತೆ ನೆಟ್ಟಗೆ. ಬಜೆಯ ಬೇರು ಔಷಧಿಗೆ ಹೋಗುತ್ತದೆ. ಐರಿಸ್ ಬೇರು ಹೊಟ್ಟೆಗೆ ಹೋದರೆ ವಾಂತಿಭೇದಿ. ಎಲೆಯ ನರ ನಡುವೆ ಇರದೆ ಪಕ್ಕಕ್ಕೆ ಸರಿದಿದ್ದರೆ ಬಜೆ ಎನ್ನುತ್ತಾರೆ, ಎಳೆಗಿಡದಲ್ಲಿ ಅದನ್ನು ನಂಬುವಂತಿಲ್ಲ. ಅತ್ತಿಗೆ ಎಲೆಯ ತುದಿ ಹೊಸಕಿ ಮೂಸಿ ಹೇಳಿದಳೆಂದರೆ ಮುಗಿಯಿತು.

ಹೋದ ವರ್ಷ ಅವಳಿಗೊಂದು ಕೆಟ್ಟ ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಕೊಂಡುಹೋಯಿತು. ಗಂಡನಿಗೆ ಹೇಳಿದಳು. ಅವನು ಮೂಗಿಗೆ ನಶ್ಯ ಏರಿಸುತ್ತ, "ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತಾ? ಬರುತ್ತೆ ಬಿಡೇ" ಅಂದ. ನಾದಿನಿಗೆ ಹೇಳಲಿಲ್ಲ. ಹೇಳಿದರೆ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರಿಸಿಬಿಡುತ್ತಾಳೆ ಎಂಬ ಹೆದರಿಕೆ. ಅದೇ ಸಮಯಕ್ಕೆ ಸೋರುವ ತೊಟ್ಟಿಗಳನ್ನು ಬದಲಿಸಬೇಕಾಯಿತು. ಹಳೆಯವುಗಳಿಂದ ಕಿತ್ತು ಬೆರೆತು ರಾಶಿ ಬಿದ್ದಿದ್ದ ಗಡ್ಡೆಗಳನ್ನು ಮೂಸಿದಂತೆ ನಟಿಸಿ, ತೊಟ್ಟಿಗೊಂದರಂತೆ ಹನ್ನೆರಡು ನೆಟ್ಟು, ಎಲ್ಲಕ್ಕೂ ಬಜೆಯೆಂದು ಹಲಗೆ ಚುಚ್ಚಿದಳು.

ಈ ವರ್ಷ ಔಷಧಿ ಮಾಡುವವರು ಬೇರು ಕೇಳಿದರು. "ಬೇರು ಇನ್ನೂ ಎಳೇದು, ಸ್ವಲ್ಪ ತಡೀಲಿ" ಎಂದು ದಿನ ತಳ್ಳಿದಳು. ಯಾವುದು ಬಜೆ ಎಂದು ತಿಳಿಯಲು ಇನ್ನು ಹೂವೇ ಗತಿ. ಕೀಳಲು ಸುಲಭವೆಂದು ಇಷ್ಟು ವರ್ಷ ಬಜೆಯನ್ನು ಬರೀ ಹಸಿಮಣ್ಣಿನಲ್ಲಿ ಬೆಳೆಸಿದ್ದಳು. ನೀರು ನಿಲ್ಲದೆ ಅದು ಹೂಬಿಡದು. ಈಗ ಪ್ರತಿ ತೊಟ್ಟಿಗೂ ಗೇಣುದ್ದ ನೀರು ನಿಲ್ಲಿಸಿ ಕಾದಳು.

ಬಿಸಿಲು ಏರುತ್ತಿದ್ದ ಹಾಗೆ ಒಂದು ಬೆಳಿಗ್ಗೆ ಎಲೆಯ ಪಕ್ಕದಿಂದ ಓರೆಯಾಗಿ ಕಿರುಬೆರಳಿನಂಥ ಹಸಿರು ದಿಂಡು ಎದ್ದಿತ್ತು. ದಳವಿಲ್ಲ, ಬಣ್ಣವಿಲ್ಲ. "ಇಷ್ಟೇನೇನೋ ನೀನು!" ಎಂದು ನಕ್ಕಳು. ಅದರ ಹೂವನ್ನು ಅವಳು ನೋಡಿದ್ದು ಅದೇ ಮೊದಲು, ಮುದ್ದು ಉಕ್ಕಿತು. ಏಳು ತೊಟ್ಟಿಗಳಲ್ಲಿ ದಿಂಡು ಬಂತು, ನಾಲ್ಕರಲ್ಲಿ ಐರಿಸ್‌ನ ಹಳದಿ ಹೂ. ಒಂದು ತೊಟ್ಟಿ ಮಾತ್ರ ಏನೂ ಬಿಡದೆ ಕೂತಿತು.

ಅದನ್ನು ಬೇಲಿಯಾಚೆ ಎಸೆದು ಐರಿಸ್ ತೊಟ್ಟಿಗಳ ಹಲಗೆ ಬದಲಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ದಿನ ಹಾಗೇ ಲೆಕ್ಕ ಹಾಕಿದಳು. ಮುಂದಿನ ವರ್ಷ ಮತ್ತೆ ಗಡ್ಡೆ ಬೆರೆತರೆ? ತನ್ನ ಹಮ್ಮಿಗೆ ಯಾರದೋ ಹೊಟ್ಟೆ ಕೆಡಬೇಕೆ? ಮೂರನೆಯ ದಿನ ಆ ತೊಟ್ಟಿಯ ಎಲೆ ಕಿತ್ತು ನಾದಿನಿಯ ಮೇಜಿನ ಮೇಲಿಟ್ಟಳು.

"ಮೂಸು. ನನ್ನ ಮೂಗು ಸತ್ತು ವರ್ಷ ಆಯ್ತು."

ನಾದಿನಿ ತಲೆಯೆತ್ತಲಿಲ್ಲ. "ಗೊತ್ತು. ಕೊಳೆತ ಗೊಬ್ಬರದ ಬಕೆಟ್ ಪಕ್ಕ ಕೂತು ಆರಾಮಾಗಿ ಚಹಾ ಕುಡಿದ್ರಲ್ಲ, ಆವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಬೇರು ಕಳಿಸೋಕೆ ನೀವು ಒಪ್ಪಲಿಲ್ವಲ್ಲ. ಒಪ್ಪಿದ್ರೆ ತಡೀತಿದ್ದೆ. ನೀವು ಒಪ್ಪಲ್ಲ ಅಂತಾನೂ ಗೊತ್ತಿತ್ತು ಬಿಡಿ."

ನಾದಿನಿ ಎಲೆ ಹೊಸಕಿ, ಕಣ್ಣು ಮುಚ್ಚಿ ಮೂಸಿದಳು.

"ಬಜೆನೇ ಅತ್ತಿಗೆ."

"ಹೇಗಿದೆ?"

"ಮೊದಲು ಶುಂಠಿ ಘಾಟು. ಆಮೇಲೆ ಕಿತ್ತಳೆ ಸಿಪ್ಪೆ ಚಿವುಟಿದ ಹಾಗೆ. ಕೊನೇಲಿ ಸ್ವಲ್ಪ ಒದ್ದೆ ಮರ."

ಅತ್ತಿಗೆ ಎದುರಿನ ಸ್ಟೂಲ್ ಎಳೆದು ಕೂತಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಂದ್ಸಲ ಹೇಳೇ" ಅಂದಳು. "ನಿಧಾನವಾಗಿ."