ಅದೊಮಾಕೊ ಮೇಸ್ತ್ರಿ ಬಿಚ್ಚಿದ ಸೆನ್ಸರ್

ಕುಮಾಸಿ ಪಟ್ಟಣದ ಸುವಾಮೆ ಗ್ಯಾರೇಜು ಕೇರಿಯಲ್ಲಿ ನೆಲವೇ ಎಣ್ಣೆ ಕುಡಿದು ಕಪ್ಪಾಗಿದೆ. ಆ ನೆಲದ ಮೇಲೆ ಅದೊಮಾಕೊ ಮೇಸ್ತ್ರಿ ತನ್ನ ಆಯುಷ್ಯದ ಬಹುಭಾಗವನ್ನು ಮಂಡಿಯೂರಿಯೇ ಕಳೆದನು: ವಾರವೆಲ್ಲ ಎಂಜಿನ್ನುಗಳ ಮುಂದೆ, ಭಾನುವಾರ ದೇವರ ಮುಂದೆ. ಕೋಕೋ ತೋಟಗಳ ಹಳ್ಳಿಯಿಂದ ಬಂದು, ವಾಹನಗಳ ವೈರಿಂಗ್ ಕೆಲಸವನ್ನು ವೃದ್ಧನಾದ ಗುರುವೊಬ್ಬನಲ್ಲಿ ಕಲಿತವನು. ಕಲಿಕೆ ಮುಗಿದ ದಿನ ಗುರುವು ಅವನ ತಲೆಯ ಮೇಲೆ ಬಿಳಿ ಪೌಡರ್ ಸುರಿದು ಹರಸಿ, ಕೇರಿಯ ಕಟ್ಟಳೆಯನ್ನು ಎಲ್ಲರೆದುರು ನೆನಪಿಸಿದ್ದನು. ಒಬ್ಬ ಮೇಸ್ತ್ರಿ ರಿಪೇರಿ ಮಾಡಿ ಮುಚ್ಚಿದ ಎಂಜಿನ್ನನ್ನು ಇನ್ನೊಬ್ಬ ಮೇಸ್ತ್ರಿ ಅವನ ಒಪ್ಪಿಗೆಯಿಲ್ಲದೆ ಬಿಚ್ಚತಕ್ಕದ್ದಲ್ಲ.

ಮದುವೆಯಾಗಿ ಬಹುಕಾಲದ ಮೇಲೆ ದೇವರು ಅವನಿಗೂ ಅವನ ಹೆಂಡತಿ ಸೆರ್ವಾಳಿಗೂ ಒಬ್ಬ ಮಗಳನ್ನು ಕೊಟ್ಟನು. ಅಚಿಯಾ ಎಂದು ಹೆಸರು. ಮಾಂಪಾಂಗಿನಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದಳು. ರಜೆ ಮುಗಿದು ಅವಳು ಹೊರಟ ಬೆಳಿಗ್ಗೆ, ಅವಳು ಹತ್ತಿದ ಟ್ರೋಟ್ರೋ ಎಂಬ ಬಾಡಿಗೆ ವ್ಯಾನು ನಿಲ್ದಾಣದಿಂದ ಹೊರಬೀಳುವ ಮುನ್ನವೇ ಕೆಮ್ಮಿ ನಿಂತಿತು. ಚಾಲಕ ತವಿಯಾ ಅದನ್ನು ಪ್ರಯಾಣಿಕರ ಸಮೇತ ತಳ್ಳಿಸಿಕೊಂಡು ಅದೊಮಾಕೊವಿನ ಶೆಡ್ಡಿಗೇ ತಂದನು.

ಕೆಟ್ಟಿದ್ದು ಕ್ಯಾಮ್‌ಶಾಫ್ಟ್ ಸೆನ್ಸರ್. ಹೆಬ್ಬೆರಳಿನಷ್ಟು ವಸ್ತು. ಎಂಜಿನ್ನಿನ ತಲೆಯೊಳಗೆ ತಿರುಗುವ ದಂಡವು ಈ ಕ್ಷಣ ಎಲ್ಲಿದೆಯೆಂದು ಹೇಳುವುದು ಅದೇ. ಅದು ಮೂಕವಾದರೆ ಕಿಡಿಯನ್ನು ಯಾವಾಗ ಹಾರಿಸಬೇಕೆಂದು ಎಂಜಿನ್ನಿಗೆ ತಿಳಿಯದು. ಕೊನಾಡು ಎಂಬಾಕೆಯ ಗುಜರಿ ಅಂಗಳದಿಂದ ಮೇಸ್ತ್ರಿ ಹಳೆಯದೊಂದು ಸೆನ್ಸರನ್ನು ತಂದನು. ಇಂಥ ಹಳೆಯ ಮಾಲು ತಣ್ಣಗಿದ್ದಾಗ ಸರಿಯಿದ್ದು, ಎಂಜಿನ್ ಕಾದ ಮೇಲೆ ಸಾಯುವುದುಂಟು. ಆದುದರಿಂದ ಅದನ್ನು ಬಿಸಿ ಎಣ್ಣೆಯಲ್ಲಿ ಕಾಯಿಸಿ ಪರೀಕ್ಷಿಸಿಯೇ ಕೂರಿಸಬೇಕೆಂದು ಗುರುವು ಕಲಿಸಿದ್ದನು. ಕೇರಿಯಲ್ಲಿ ಮತ್ತಾರೂ ಅಷ್ಟು ತಾಳ್ಮೆಯಿಂದ ಅದನ್ನು ಮಾಡುತ್ತಿರಲಿಲ್ಲ. ಅದೊಮಾಕೊ ಮಾಡುತ್ತಿದ್ದನು, ಆ ದಿನವೊಂದನ್ನು ಬಿಟ್ಟು.

"ಅಪ್ಪಾ, ಬೇಗ ಮುಗ್ಸಿ. ಲೇಟಾದ್ರೆ ಹಾಸ್ಟೆಲ್ ಗೇಟ್ ಹಾಕ್ಬಿಡ್ತಾರೆ," ಎಂದು ಮಗಳು ಹಿಂದಿನ ಸೀಟಿನಿಂದ ಕೂಗಿದ್ದಳು.

ಅವನು ತಣ್ಣಗಿದ್ದುದನ್ನೇ ಪರೀಕ್ಷಿಸಿ, ಬೋಲ್ಟ್ ಬಿಗಿದು, ಪ್ರಾರ್ಥಿಸಿ ಕಳುಹಿಸಿದನು. ಮಾಂಪಾಂಗಿನ ಏರಿನಲ್ಲಿ ವ್ಯಾನು ನಡುರಸ್ತೆಯಲ್ಲಿ ನಿಂತಿತು. ತಿರುವಿನಿಂದ ಬಂದ ಮರದ ದಿಮ್ಮಿಗಳ ಲಾರಿ ಹಿಂದಿನಿಂದ ಬಡಿಯಿತು. ಹಿಂದಿನ ಸೀಟಿನವರು ಯಾರೂ ಉಳಿಯಲಿಲ್ಲ.

ಎಂಜಿನ್ ತಾನಾಗಿ ಸತ್ತಿತೆಂದು ತವಿಯಾ ಹೇಳಿದನು. ಅಂತ್ಯಕ್ರಿಯೆಯ ದಿನ, ಕೆಂಪು ಕಪ್ಪು ಬಟ್ಟೆ ಉಟ್ಟು ಕುಳಿತ ಜನರ ನಡುವೆ, ಅದೊಮಾಕೊ ಎದ್ದು ನಿಂತು, "ನಾನು ಮುಚ್ಚಿದ ಎಂಜಿನ್ ಸಾಯಲ್ಲ. ಇವನು ಸ್ಟಿಯರಿಂಗ್ ಮೇಲೆ ನಿದ್ದೆ ಹೋದ," ಎಂದನು. ಅವನ ಮಾತಿಗೆ ಆ ಊರಿನಲ್ಲಿ ಬೆಲೆಯಿತ್ತು. ಚಾಲಕರ ಸಂಘವು ತವಿಯಾನನ್ನು ನಿಲ್ದಾಣದ ಸರದಿಯಿಂದ ತೆಗೆದುಹಾಕಿತು. ಅವನು ಮಾರುಕಟ್ಟೆಯಲ್ಲಿ ಮೂಟೆಗಳ ಕೈಗಾಡಿ ತಳ್ಳುವವನಾದನು.

ದುಃಖವು ಮನುಷ್ಯನನ್ನು ದೇವರ ಹತ್ತಿರ ತರುತ್ತದೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಅದು ನಿಜ. ಆದರೆ ದುಃಖದ ಒಳಗೆ ಒಂದು ಭಯವನ್ನು ಬಚ್ಚಿಟ್ಟುಕೊಂಡವನು ದೇವರ ಮುಂದೆಯೂ ಅರ್ಧ ಮುಖವನ್ನಷ್ಟೇ ತಿರುಗಿಸಬಲ್ಲನು. ಅದೊಮಾಕೊ ಆ ವರ್ಷವೆಲ್ಲ ಹಾಗೆಯೇ ಪ್ರಾರ್ಥಿಸಿದನು. ತಾನು ಕಾಯಿಸಿ ನೋಡಲಿಲ್ಲವೆಂಬುದು ಅವನಿಗೆ ಮಾತ್ರ ಗೊತ್ತಿತ್ತು.

ಶನಿವಾರಗಳಂದು ತವಿಯಾ ಶೆಡ್ಡಿನ ಮುಂದೆ ಕೈಗಾಡಿ ನಿಲ್ಲಿಸಿ, ಆ ವ್ಯಾನಿನ ಎಂಜಿನ್ನನ್ನು ಬಿಚ್ಚಿ ನೋಡಬೇಕೆಂದು ಒಂದೇ ಬೇಡಿಕೆ ಇಡುತ್ತಿದ್ದನು. ಬೇರೆ ಯಾವ ಮೇಸ್ತ್ರಿಯೂ ಕಟ್ಟಳೆ ಮೀರಿ ಆ ಎಂಜಿನ್ನನ್ನು ಮುಟ್ಟಲೊಲ್ಲನು. ತವಿಯಾ ಬಂದೊಡನೆ ಅಕ್ಕಪಕ್ಕದ ಶೆಡ್ಡುಗಳಿಂದ ಕುಚೋದ್ಯ ಹೊರಡುತ್ತಿತ್ತು.

"ಬಂದ್ರಪ್ಪಾ ನಿದ್ದೆರಾಯರು. ಕೈಗಾಡಿಗೂ ಸೆನ್ಸರ್ ಹಾಕಿಸ್ಬೇಕೇನೋ?"

"ಮೆಲ್ಲಗೆ ಮಾತಾಡ್ರೋ, ಎಚ್ಚರ ಆಗ್ಬಿಟ್ಟೀತು."

ಆ ಶನಿವಾರ ತವಿಯಾ ಅವರತ್ತ ತಿರುಗಲೂ ಇಲ್ಲ. "ಮೇಸ್ತ್ರಿ, ಸೋಮವಾರ ಗ್ಯಾಸ್ ಕಟರ್‌ನೋರು ಬರ್ತಾರಂತೆ. ವ್ಯಾನನ್ನ ತುಂಡು ಮಾಡಿ ತೇಮಾದ ಕುಲುಮೆಗೆ ಹಾಕ್ತಾರೆ. ಆಮೇಲೆ ನನ್ನ ಮಾತಿಗೆ ಸಾಕ್ಷಿನೇ ಇರಲ್ಲ. ಆ ಸೆನ್ಸರ್ ಒಂದನ್ನ ಬಿಚ್ಚಿ ನೋಡಿ. ಸರಿಯಾಗಿದ್ರೆ ತಪ್ಪು ನಂದೇ ಅಂತ ನಾನೇ ಒಪ್ಕೋತೀನಿ, ನಿಮ್ಮ ಬಾಗಿಲಿಗೆ ಇನ್ನು ಬರಲ್ಲ."

ಮೇಸ್ತ್ರಿ ಎಂದಿನಂತೆ ತಲೆಯಾಡಿಸಿ ಇಲ್ಲವೆಂದುಬಿಡುತ್ತಿದ್ದನು. ಆದರೆ ಶೆಡ್ಡಿನ ಪಕ್ಕದಲ್ಲಿ ಗೆಣಸು ಕರಿದು ಮಾರುತ್ತಿದ್ದ ಸೆರ್ವಾ ಜಾಲರಿ ಸೌಟನ್ನು ಬಾಣಲೆಯ ಮೇಲಿಟ್ಟು ಎದ್ದಳು.

"ಬಿಚ್ಚಿ ತೋರಿಸ್ಬಿಡ್ರೀ, ಅಚಿಯಾಳ ಅಪ್ಪ. ವರ್ಷದಿಂದ ಇವನ ಮಾತು ಕೇಳ್ತಾನೇ ಇದೀನಿ, ನನಗೂ ಸಾಕಾಗಿದೆ. ನಿಮ್ಮ ಕೆಲಸದ ಮೇಲೆ ನಿಮಗೆ ಭಯ ಏನು?"

ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು ಅವನಿಗೆ ಸುಲಭವಾಯಿತು.

ಕೊನಾಡುವಿನ ಅಂಗಳದ ಮೂಲೆಯಲ್ಲಿ ವ್ಯಾನು ಹುಲ್ಲಿನ ನಡುವೆ ಬಿದ್ದಿತ್ತು. "ಇದರ ಒಂದು ಬೋಲ್ಟೂ ಮಾರೋಕಾಗ್ಲಿಲ್ಲ ಕಣಪ್ಪ," ಎಂದಳು ಕೊನಾಡು. "ರಕ್ತ ಬಿದ್ದ ಗಾಡಿ ಅಂತ ಯಾರೂ ಮುಟ್ಟಲ್ಲ. ನಿನಗೆ ಬೇಕಾದ್ದು ತಗೊ. ನಾನು ಒಳಗಿರ್ತೀನಿ." ಆಕೆ ಅವನ ಮುಖ ನೋಡಲಾರದೆ ಹೊರಟುಹೋದಳು.

ಮೇಸ್ತ್ರಿ ಸೆನ್ಸರಿನ ವೈರಿನ ಕ್ಲಿಪ್ಪನ್ನು ಒತ್ತಿ ಬಿಡಿಸಿದನು. ಅದು ಬಿಗಿಯಾಗಿಯೇ ಕೂತಿತ್ತು. ಬೋಲ್ಟ್ ತೆಗೆದು ಸೆನ್ಸರನ್ನು ಅತ್ತಿತ್ತ ತಿರುಗಿಸಿ ಎಳೆದನು. ರಬ್ಬರ್ ಉಂಗುರ ಹರಿದಿರಲಿಲ್ಲ, ಎಣ್ಣೆ ಸೋರಿರಲಿಲ್ಲ. ತನ್ನ ಕೈಕೆಲಸದಲ್ಲಿ ಕುಂದಿಲ್ಲವೆಂದು ಕಂಡು ಸೆನ್ಸರೂ ಸರಿಯಿರಬಹುದೆಂದು ಅವನೆದೆಯಲ್ಲಿ ಒಂದು ಆಸೆ ಎದ್ದಿತು. ಆಸೆ ಎದ್ದುದಕ್ಕೆ ನಾಚಿಕೆಯೂ ಆಯಿತು.

ಶೆಡ್ಡಿನಲ್ಲಿ ಕೇರಿಯವರು ಮೇಜಿನ ಸುತ್ತ ನೆರೆದರು. ಬ್ಯಾಟರಿಯಿಂದ ವೈರು ಎಳೆದು, ಸಣ್ಣ ಬಲ್ಬೊಂದನ್ನು ಜೋಡಿಸಿ, ಸೆನ್ಸರಿನ ಮುಖದೆದುರು ಮೇಸ್ತ್ರಿ ಸ್ಪ್ಯಾನರ್ ತುದಿಯನ್ನು ಆಡಿಸಿದನು. ಬಲ್ಬು ಮಿನುಗಿತು. ಮತ್ತೆ ಆಡಿಸಿದನು. ಮತ್ತೆ ಮಿನುಗಿತು.

"ಆಯ್ತಲ್ಲೋ, ಸರಿಯಾಗೇ ಇದೆ, ನೋಡ್ದ್ಯಾ? ಇನ್ನೇನು ಬೇಕು ನಿನಗೆ?" ಎಂದನು ಪಕ್ಕದ ಶೆಡ್ಡಿನವನು.

ತವಿಯಾ ಬಲ್ಬನ್ನೇ ನೋಡುತ್ತ ನಿಂತಿದ್ದನು. ಕಡೆಗೆ ತಗ್ಗಿದ ದನಿಯಲ್ಲಿ, "ಹಾಗಾದ್ರೆ ತಪ್ಪು ನಂದೇ, ಮೇಸ್ತ್ರಿ," ಎಂದನು. "ನಿದ್ದೆ ಹೋಗಿದ್ದೆನೇನೋ. ನನಗೇ ಗೊತ್ತಾಗ್ಲಿಲ್ವೇನೋ. ಅಮ್ಮಾ, ನಿಮ್ಮ ಮಗಳನ್ನ ನಾನೇ ಕೊಂದೆ." ಸೆರ್ವಾಳಿಗೆ ಹಾಗೆ ಹೇಳಿ, ಕೈಗಾಡಿಯ ಹಿಡಿ ಎತ್ತಿಕೊಂಡು ಹೊರಟನು.

ತವಿಯಾನಿಗೆ ಕಾಯಿಸುವ ವಿದ್ಯೆ ತಿಳಿಯದು. ಅಲ್ಲಿ ನೆರೆದವರಲ್ಲಿ ಯಾರೂ ಅದನ್ನು ಕೇಳುವವರಿರಲಿಲ್ಲ. ಸೋಮವಾರ ಕಳೆದರೆ ವ್ಯಾನೂ ಇಲ್ಲ, ಮಾತೂ ಇಲ್ಲ. ಸೈತಾನನು ಕೊಂಬು ಬಾಲಗಳೊಂದಿಗೆ ಬರುವುದಿಲ್ಲ, ಪ್ರಿಯರೇ. ಕೆಲಸ ಮುಗಿಯಿತೆಂಬ ನೆಮ್ಮದಿಯಾಗಿ ಬಂದು ಪಕ್ಕದಲ್ಲಿ ಕೂರುತ್ತಾನೆ. ಮೇಸ್ತ್ರಿ ಕೈ ಒರೆಸಿಕೊಂಡನು. ಹೋಗುತ್ತಿದ್ದವನ ಬೆನ್ನು ನೋಡಿದನು. ಮಾಡದ ಪಾಪವನ್ನು ತನ್ನದೆಂದು ನಂಬಿ ಹೊತ್ತ ಮನುಷ್ಯನ ಬೆನ್ನು ಹೇಗಿರುತ್ತದೆಂಬುದನ್ನು ಅವನು ಅಂದು ಕಂಡನು. ಅದನ್ನು ಕಂಡ ಮೇಲೆ ಸುಮ್ಮನಿರುವ ಬಲ ಅವನಲ್ಲಿ ಉಳಿಯಲಿಲ್ಲ. ಅದು ದೇವರ ಕೃಪೆ. ಆದರೆ ಕೃಪೆಯು ಅವನ ಪಾಲಿಗೆ ಅಂದು ಬಾಯಿ ಒಣಗಿಸುವಂಥದ್ದಾಗಿತ್ತು.

"ತವಿಯಾ, ನಿಲ್ಲಪ್ಪ. ಇನ್ನೂ ಮುಗಿದಿಲ್ಲ." ಹೆಂಡತಿಯತ್ತ ತಿರುಗಿ, "ಸೆರ್ವಾ, ನಿನ್ನ ಬಾಣಲೆ ಇಳಿಸು. ಒಲೆ ಬೇಕು," ಎಂದನು.

"ಒಲೇಲಿ ಏನ್ ಬೇಯಿಸ್ತೀರಿ?"

ಅವನು ಹಾಲಿನ ಡಬ್ಬವೊಂದರಲ್ಲಿ ಎಂಜಿನ್ ಆಯಿಲ್ ಸುರಿದು ಇದ್ದಿಲಿನ ಮೇಲಿಟ್ಟು, ಸೆನ್ಸರಿನ ಮೂತಿಯನ್ನು ಅದರಲ್ಲಿ ಮುಳುಗಿಸಿದನು. ಏರು ಹತ್ತುವ ಎಂಜಿನ್ನಿನಷ್ಟು ಬಿಸಿ ಸಾಕು. ಡಬ್ಬದ ಅಂಚಿಗೆ ನೀರಿನ ಹನಿ ತಾಗಿಸಿ ಅದು ಚುರುಗುಟ್ಟಿದೊಡನೆ ಒಲೆಯಿಂದಿಳಿಸಿದನು. ಸೆನ್ಸರನ್ನು ಇಕ್ಕಳದಲ್ಲಿ ಹಿಡಿದು ಸ್ಪ್ಯಾನರ್ ಆಡಿಸಿದನು.

ಬಲ್ಬು ಒಮ್ಮೆ ಮಿನುಗಿತು. ಮತ್ತೊಮ್ಮೆ ಮಂಕಾಗಿ ಮಿನುಗಿತು. ಆಮೇಲೆ ಮಿನುಗಲಿಲ್ಲ.

ಸೆರ್ವಾ ಹತ್ತಿರ ಬಂದು, ಗೆಣಸು ತೊಳೆವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅವನ ಕೈಗಿತ್ತಳು. "ಆರಿಸಿ ಇನ್ನೊಂದ್ಸಲ ನೋಡಿ."

ಆರಿಸಿ ನೋಡಿದನು. ಮಿನುಗಿತು.

"ಆವತ್ತು ಹೀಗೆ ಕಾಯ್ಸಿ ನೋಡಿದ್ರಾ?"

"ಇಲ್ಲ."

"ನೋಡ್ಬೇಕು ಅಂತ ಗೊತ್ತಿತ್ತಾ?"

"ಗೊತ್ತಿತ್ತು ಸೆರ್ವಾ. ಅವಳು ಲೇಟಾಗುತ್ತೆ ಅಂದ್ಲು."

"ಅವಳ ಮೇಲೆ ಹಾಕ್ಬೇಡಿ," ಎಂದಳು ಸೆರ್ವಾ. ಒಲೆಯ ಕೆಂಡವನ್ನು ಕಪ್ಪು ನೆಲದ ಮೇಲೆ ಸುರಿದು ಆರಿಸಿ, ಬಾಣಲೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟುಹೋದಳು.

ಆ ಸಂಜೆಯೇ ಅದೊಮಾಕೊ ತವಿಯಾನ ಜೊತೆ ವ್ಯಾನ್ ನಿಲ್ದಾಣಕ್ಕೆ ನಡೆದನು. ಚಾಲಕರೆಲ್ಲ ಸೇರಿದ್ದಲ್ಲಿ ಸೆನ್ಸರನ್ನು ಅಂಗೈಯಲ್ಲಿ ಹಿಡಿದು, ಇವನು ನಿದ್ದೆ ಹೋಗಲಿಲ್ಲ, ಎಂಜಿನ್ ಸತ್ತಿತು, ನಾನು ನೋಡಬೇಕಾದ್ದನ್ನು ನೋಡದೆ ಮುಚ್ಚಿದ್ದೆ, ಅಂತ್ಯಕ್ರಿಯೆಯಲ್ಲಿ ನಾನಾಡಿದ್ದು ಸುಳ್ಳು ಎಂದು ಹೇಳಿದನು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಸಂಘದ ಮುಖ್ಯಸ್ಥನು, "ತವಿಯಾ, ಸೋಮವಾರದಿಂದ ಸರದಿಗೆ ಬಾರಪ್ಪ. ಗಾಡಿ ನಾವು ಕೊಡಿಸ್ತೀವಿ," ಎಂದನು.

"ಬೇಡ ಅಣ್ಣ," ಎಂದನು ತವಿಯಾ. "ಮೊನ್ನೆ ಒಬ್ರು ಸುಮ್ನೆ ಕೀ ಕೈಗೆ ಕೊಟ್ರು, ಹಾಗೇ ತಿರುಗಿಸಿ ಕೊಟ್ಬಿಟ್ಟೆ. ನನಗೇ ನನ್ನ ಮೇಲೆ ನಂಬಿಕೆ ಹೋಗ್ಬಿಟ್ಟಿದೆ. ಅದನ್ನ ಯಾರು ವಾಪಸ್ ಕೊಡ್ತಾರೆ?"

ಅದೊಮಾಕೊ ಅವನ ಮುಂದೆ ತಲೆ ತಗ್ಗಿಸಿದನು. ತವಿಯಾ ಅವನನ್ನು ಬೈಯಲಿಲ್ಲ. "ನೀವು ಕರೆದು ನಿಲ್ಲಿಸಿದ್ರಿ ಮೇಸ್ತ್ರಿ. ಅಷ್ಟು ನೆನಪಿಡ್ತೀನಿ. ಅದಕ್ಕಿಂತ ಹೆಚ್ಚು ಇವತ್ತು ಕೇಳ್ಬೇಡಿ," ಎಂದು ಹೇಳಿ ಮಾರುಕಟ್ಟೆಯ ಕಡೆ ಗಾಡಿ ತಳ್ಳಿಕೊಂಡು ಹೋದನು.

ಅದೊಮಾಕೊ ಮೇಸ್ತ್ರಿ ಆಮೇಲೆಯೂ ಅದೇ ಶೆಡ್ಡಿನಲ್ಲಿ ದುಡಿದನು. ಗಿರಾಕಿಗಳು ಕಡಿಮೆಯಾದರು. ಸೆರ್ವಾ ಟೆಚಿಮಾನ್ ಊರಿನಲ್ಲಿದ್ದ ತಂಗಿಯ ಮನೆಗೆ ಹೋಗಿ, ಈಸ್ಟರ್ ಹೊತ್ತಿಗೆ ಮರಳಿ ಬಂದಳು. ಅಡುಗೆ ಮಾಡಿ ತಟ್ಟೆ ಮುಚ್ಚಿಡುತ್ತಿದ್ದಳು. ಜೊತೆಯಲ್ಲಿ ಕೂತು ಉಣ್ಣುತ್ತಿರಲಿಲ್ಲ. ಬಾಣಲೆಯನ್ನು ಬೇರೊಂದು ಬೀದಿಯಲ್ಲಿ ಹೂಡಿದಳು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೂ ಅವನು ಮಂಡಿಯೂರಿಯೇ ಇದ್ದುದನ್ನು ಕಂಡು ಪಾದ್ರಿಗಳು ಬಂದು ಹೆಗಲ ಮೇಲೆ ಕೈಯಿಟ್ಟರು. "ಏಳಪ್ಪ. ದೇವರು ಕ್ಷಮಿಸಿ ಎಷ್ಟೋ ದಿನ ಆಯ್ತು."

ಅವನು ಹೆಂಗಸರ ಸಾಲಿನ ಕಡೆ ನೋಡಿದನು. ಸೆರ್ವಾ ಹೊರಗೆ ಹೋಗುತ್ತಿದ್ದಳು.

"ದೇವರದ್ದು ಗೊತ್ತು ಪಾದ್ರಿಗಳೇ," ಎಂದನು. "ನಾನು ಮಂಡಿಯೂರಿರೋದು ಅವಳಿಗೋಸ್ಕರ."